ಮೀನುಗಾರರ ಸೊಸೆಗೆ ನಮ್ಮ ಪಡಸಾಲೆಯಲ್ಲಿ ಕುಬಸ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಗಂಟಲಲ್ಲಿ ಅರ್ಧ ಬಸವಕಲ್ಯಾಣ ವಾಸವಾಗಿತ್ತು. ಕಾಲಿಡಲು ಜಾಗವಿಲ್ಲದ ಮುಡಬಿ ಬಸ್ಸಿನಲ್ಲಿ ಕಂಡಕ್ಟರ್ ಮೂಗಿನಿಂದ ‘ಮುಂದ ನಡೀರಿ, ಮುಂದ ಖಾಲಿ ಅದ’ ಎನ್ನುತ್ತಿದ್ದುದು, ಸಾರಿಗೆ ಉಪ್ಪು ಕಡಿಮೆಯಾದರೆ ಅಪ್ಪ ಬಾಯಿಬಿಟ್ಟು ಹೇಳದೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದುದು, ಪಕ್ಕದ ಮನೆಯ ಮುದುಕಿ ಆಯಿ ಕೂರುವಾಗ ಒಬ್ಬ ದೇವರನ್ನೂ ಏಳುವಾಗ ಇನ್ನೊಬ್ಬ ದೇವರನ್ನೂ ಕರೆಯುತ್ತಿದ್ದುದು, ಎಲ್ಲವೂ ನನ್ನ ಬಳಿ ಇದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಪಿಯುಸಿ ಇಂಗ್ಲಿಷಿನಲ್ಲಿ ನಪಾಸಾಗಿ ಬಂದು ಅವ್ವನೆದುರು ನಿಂತಾಗಿನ ನನ್ನ ಮೋರೆಯನ್ನು ಮರುದಿನವೇ ಓಣಿಯ ಗೆಳೆಯರಿಗೆ ಮಾಡಿ ತೋರಿಸಿದ್ದೆ. ಒಂದು ದನಿ ಮಾತ್ರ ನನ್ನ ಹತ್ತಿರ ಇರಲಿಲ್ಲ, ನನ್ನ ಸ್ವಂತದ್ದು. ಯಾರೂ ಕೇಳಿರಲೂ ಇಲ್ಲ.

ನಮ್ಮ ಮನೆಗೆ ಸೊಸೆಯಾಗಿ ಬಂದವರು ವೈನಿ, ನನ್ನ ಅಣ್ಣನ ಹೆಂಡತಿ. ಉಮರ್ಗಾ ಕಡೆಯವರು. ಹಾದಿ ದೂರದ್ದಲ್ಲ, ಆದರೆ ಗಡಿಯಾಚೆಯದು. ಅವರ ತವರಿನಲ್ಲಿ ಮಾತೆಲ್ಲ ಮರಾಠಿ. ಗಂಡನ ಮನೆಯಲ್ಲಿ ಮಾತಿನ ಕೊನೆಗೊಂದು ‘ರಿ’ ಹಚ್ಚಿಬಿಟ್ಟರೆ ಯಾರಿಗೂ ಸಿಟ್ಟು ಬರುವುದಿಲ್ಲ ಎಂದು ಯಾರೋ ಅವರಿಗೆ ಹೇಳಿ ಕಳಿಸಿದ್ದರಂತೆ. ವೈನಿ ಕಂಜೂಸುತನ ಮಾಡಲಿಲ್ಲ. ನನಗೆ ಹಚ್ಚಿದರು, ಹಾಲು ತರುವವನಿಗೆ ಹಚ್ಚಿದರು, ಬೆಕ್ಕಿಗೂ ಹಚ್ಚಿದರು.

ಮದುವೆಯಾದ ಮರುವರ್ಷ ಅವರಿಗೆ ಐದು ತಿಂಗಳಲ್ಲಿ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ದವಾಖಾನೆಯಿಂದ ಬಂದ ದಿನ ಅವ್ವ ತಲೆ ಸವರಿ, ‘ಐದ ತಿಂಗಳದ್ದಕ್ಕ ಏನ ಅಳತಿ, ಮತ್ತ ಆಗತದ’ ಅಂದಳು. ಅವ್ವ ಕೆಟ್ಟವಳಲ್ಲ. ಅವಳಿಗೂ ಒಂದು ಕಾಲದಲ್ಲಿ ಯಾರೋ ಅದನ್ನೇ ಹೇಳಿರಬೇಕು. ವೈನಿ ಒಂದು ತಿಂಗಳು ತವರಿಗೆ ಹೋಗಿ ಬಂದರು. ಬಂದಮೇಲೆ ಆ ವಿಷಯ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಯುಗಾದಿಗೆ ಮನೆ ತುಂಬ ಬಳಗ ಸೇರಿತ್ತು. ಊಟ ಆದಮೇಲೆ ಎಲ್ಲರೂ ಪಡಸಾಲೆಯಲ್ಲಿ ಕಾಲು ಚಾಚಿ, ‘ಏನರ ಮಾಡಿ ತೋರಸೋ’ ಅಂದರು. ನಾನು ಸೆರಗಿನಂತೆ ಟವೆಲ್ ಹೊದ್ದು ವೈನಿಯಾದೆ. ಅಡುಗೆಮನೆಯಲ್ಲಿ ಬೆಕ್ಕು ಹಾಲಿನ ಪಾತ್ರೆಗೆ ಮೂತಿ ಇಟ್ಟಿದೆ. ವೈನಿ ಕೈ ಮುಗಿದು, ‘ಕುಡೀಬ್ಯಾಡ್ರಿ, ಹಾಂಗ ಮಾಡಬಾರದರಿ, ಅತ್ತಿಯವರು ಬೈತಾರರಿ’ ಅನ್ನುತ್ತಿದ್ದಾರೆ. ಸೋದರಮಾವ ನಕ್ಕು ನಕ್ಕು ನೀರು ಕೇಳಿದ. ಬಾಗಿಲಲ್ಲಿ ನಿಂತಿದ್ದ ವೈನಿಯೂ ಸೆರಗು ಬಾಯಿಗಿಟ್ಟು ನಕ್ಕರು. ಅವರು ನಕ್ಕಿದ್ದನ್ನು ನೋಡಿ ನಾನು ಇನ್ನೊಂದು ಸಲ ಮಾಡಿದೆ.

ಮರುದಿನದಿಂದ ಅವರ ಮಾತು ನಿಂತಿತು. ಜಗಳವಿಲ್ಲ, ಸಿಟ್ಟಿಲ್ಲ. ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಮೊದಲು ಗೊತ್ತಾದದ್ದು ನನಗೇ, ಯಾಕೆಂದರೆ ಕಳ್ಳನಿಗೆ ಕಪಾಟು ಖಾಲಿಯಾದದ್ದು ಬೇಗ ತಿಳಿಯುತ್ತದೆ. ಹೊಸ ಸರಕಿಗೆಂದು ಕಿವಿ ಕೊಟ್ಟು ಕೂತರೆ ವೈನಿಯ ಕಡೆಯಿಂದ ಪಾತ್ರೆಯ ಸಪ್ಪಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವ್ವ ಓಣಿಯಲ್ಲಿ, ‘ನಮ್ಮ ಸೊಸಿ ಬಾಯಿ ಸತ್ತಾಕಿ, ಛಲೋ ಆತ ನೋಡ್ರಿ’ ಎಂದು ಹೇಳಿಕೊಂಡಳು. ಆಯಿ ಎಲೆಗೆ ಸುಣ್ಣ ಹಚ್ಚುತ್ತ, ‘ಬಾಯಿ ಸತ್ತರ ಸಾಯಲಿ. ಒಳಗ ಏನ ಸಾಯಾಕತ್ತದ ನೋಡಿಯೇನ?’ ಅಂದಳು. ಅವ್ವ ವಿಷಯ ಬದಲಿಸಿದಳು.

ಅಣ್ಣ ಹುಮನಾಬಾದಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸದವನು. ನೂರು ಮಾತಿಗೆ ಒಂದು ಮಾತು ಆಡುವವನು, ಹಾಗಾಗಿ ಅವನ ನಕಲು ಮಾಡುವುದು ಬಹಳ ಕಷ್ಟ. ಒಂದು ಮುಂಜಾನೆ ಬೂಟು ಕಟ್ಟಿಕೊಳ್ಳುತ್ತ ತಲೆ ಎತ್ತದೆ ಹೇಳಿದ: ‘ದೀಪಾವಳಿಗಿ ತೌರಿಗಿ ಹೋಗತಾಳಂತ. ಎಂದ ಬರತಿ ಅಂದ್ರ ಹೇಳವಲ್ಲಳು.’

‘ಯಾಕಂತ?’ ಅಂದೆ.

‘ನನ್ನ ಕೇಳತಿ?’ ಅಂದ. ಆಮೇಲೆ ಬೂಟಿನ ದಾರವನ್ನು ಎರಡನೆಯ ಸಲ ಬಿಗಿದು ಎದ್ದು ಹೋದ.

ಆ ಎರಡು ಪದ ನನ್ನ ಎದೆಯಲ್ಲಿ ಬಹಳ ದಿನ ಕೂತಿದ್ದವು. ವೈನಿ ಹೋದರೆ ಹೊಳ್ಳಿ ಬರುತ್ತಾರೋ ಇಲ್ಲವೋ. ಬರದಿದ್ದರೆ ಅದರಲ್ಲಿ ಒಂದು ಪಾಲು ನನ್ನದು. ಹೋಗಿ ತಪ್ಪಾಯಿತು ಎಂದು ಹೇಳಬೇಕು ಅಂತ ಎರಡು ಮೂರು ಸಲ ಅಡುಗೆಮನೆಯ ಬಾಗಿಲ ತನಕ ಹೋದೆ. ಅಲ್ಲಿ ನಿಂತಾಗ ಕಂಡಕ್ಟರನ ದನಿ ಬರುತ್ತಿತ್ತು, ಅಪ್ಪನ ಕೆಮ್ಮು ಬರುತ್ತಿತ್ತು, ತಪ್ಪಾಯಿತು ಎನ್ನುವ ದನಿ ಮಾತ್ರ ಬರುತ್ತಿರಲಿಲ್ಲ. ನೀರು ಕುಡಿದು ಬರುತ್ತಿದ್ದೆ.

ಪ್ರತಿ ವರ್ಷ ಶ್ರಾವಣದಲ್ಲಿ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರಿಗಾಗಿ ಪುರಾಣ ಹಚ್ಚುತ್ತಿದ್ದರು. ಓದುತ್ತಿದ್ದವರು ಒಬ್ಬ ನಿವೃತ್ತ ಮಾಸ್ತರರು. ಆ ವರ್ಷ ಅವರಿಗೆ ಕಣ್ಣಿನ ಆಪರೇಷನ್ ಆಗಿ ಹಸಿರು ಪಟ್ಟಿ ಬಿದ್ದಿತ್ತು. ಪುರಾಣ ತಪ್ಪಬಾರದು, ಓದಲು ಬರುವ ಗಂಡಸರು ಅಂಗಡಿ, ಹೊಲ, ಫ್ಯಾಕ್ಟರಿ ಎಂದು ಹೋಗಿರುತ್ತಿದ್ದರು. ಉಳಿದದ್ದು ನಪಾಸಾಗಿ ಮನೆಯಲ್ಲಿ ಬಿದ್ದಿದ್ದ ನಾನು. ಮೊದಲ ದಿನ ಮಾಸ್ತರರ ದನಿಯಲ್ಲೇ, ಅವರಂತೆಯೇ ಸಾಲಿಗೊಮ್ಮೆ ಮೂಗು ಏರಿಸಿ ಓದಿದೆ. ಆಯಿ ಕೈಯಲ್ಲಿದ್ದ ಹೂವಿನಿಂದಲೇ ಹೊಡೆದಳು. ಎರಡನೆಯ ದಿನದಿಂದ ನೆಟ್ಟಗೆ ಓದಿದೆ.

ನಮ್ಮ ಕಡೆಯ ಪುರಾಣ ಕಿವಿಯಿಂದಷ್ಟೇ ಕೇಳುವ ವಸ್ತುವಲ್ಲ. ಕಥೆಯಲ್ಲಿ ಮದುವೆ ಬಂದ ದಿನ ಹೆಂಗಸರು ಅಕ್ಷತೆ ತರುತ್ತಾರೆ. ಮಹಾತ್ಮರು ಹುಟ್ಟುವ ಅಧ್ಯಾಯ ಬಂದರೆ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿ, ತೆಂಗಿನಕಾಯಿಯನ್ನು ಕೂಸು ಮಾಡಿ ಮಲಗಿಸಿ, ಜೋಗುಳ ಹಾಡಿ ಮಂಡಕ್ಕಿ ಹಂಚುತ್ತಾರೆ. ಓದುವವನು ಓದುತ್ತಾನೆ, ಕೇಳುವವರು ಆ ಮನೆಯ ಕಾರ್ಯ ಸಾಗಿಸುತ್ತಾರೆ.

ಶ್ರಾವಣ ಮುಗಿಯಿತು. ಹೆಂಗಸರಿಗೆ ಮಧ್ಯಾಹ್ನಗಳು ಬೋಳಾದವು. ಹೊಸ ಹೆಸರುಕಾಳು ಮನೆಗೆ ಬಂದ ಕಾಲ. ಮೊರದಲ್ಲಿ ಹಸನು ಮಾಡುತ್ತ ಕೂರಲು ಹೇಗೂ ಸೇರುತ್ತಿದ್ದರು. ‘ಇನ್ನೇನರ ಓದೋ ತಮ್ಮಾ, ಕೈ ಆಡತಾವ, ಕಿವಿ ಖಾಲಿ ಅದಾವ’ ಅಂದಳು ಆಯಿ. ನಾನಾಗ ಹುಮನಾಬಾದಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಇಂಗ್ಲಿಷ್ ಬರದವನು ಇಂಗ್ಲಿಷ್ ಅಕ್ಷರಗಳನ್ನಾದರೂ ಜೋರಾಗಿ ಕುಟ್ಟಲಿ ಎಂದು ಅಪ್ಪನ ಲೆಕ್ಕಾಚಾರ. ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ಒಂದು ದಪ್ಪ ಕಾದಂಬರಿ ತಂದೆ. ಆರಿಸಿ ತಂದದ್ದಲ್ಲ, ಕೈಗೆ ಸಿಕ್ಕಿದ್ದು. ದಪ್ಪ ಇದ್ದರೆ ಮತ್ತೆ ಮತ್ತೆ ಹೋಗುವುದು ತಪ್ಪುತ್ತದೆ ಎಂಬ ಆಲಸ್ಯ ಅಷ್ಟೇ.

ಅದು ಸಮುದ್ರದಂಡೆಯ ಕಥೆ. ಘಟ್ಟದ ಮೇಲಿನ ಊರಿನ ಒಬ್ಬ ತಬ್ಬಲಿ ಹುಡುಗಿ, ದೋಣಿ ನಡೆಸುವವನನ್ನು ಮದುವೆಯಾಗಿ ಮೀನುಗಾರರ ಮನೆಗೆ ಸೊಸೆಯಾಗಿ ಬರುತ್ತಾಳೆ. ಎರಡನೆಯ ಪುಟದಲ್ಲೇ ಮೀನು ಬಂತು. ಪಡಸಾಲೆಯಲ್ಲಿದ್ದವರಲ್ಲಿ ಮೊಟ್ಟೆಯನ್ನೂ ಮುಟ್ಟಿದವರು ಯಾರೂ ಇರಲಿಲ್ಲ.

‘ಶಿವನ’ ಅಂದಳು ಆಯಿ. ‘ಇದೇನೋ ತಂದಿ? ವಿಭೂತಿ ಹಚ್ಚಿಕೊಂಡ ಕುಂತೀವಿ.’

‘ಮೀನ ಬಂದಲ್ಲಿ ಬಿಟ್ಟ ಓದತೀನಿ ಆಯಿ.’

‘ಹೂಂ, ಬಿಟ್ಟ ಓದು.’

ಬಿಟ್ಟು ಓದಿದೆ. ಗಂಡ ಬೆಳಗಿನ ಜಾವ ದೋಣಿ ತಗೊಂಡು ಹೋದ, ಸಂಜೆಗೆ ಬಂದ. ಯಾಕೆ ಹೋದ, ಏನು ತಂದ, ಗೊತ್ತಿಲ್ಲ. ಅತ್ತೆ ಸಿಟ್ಟಾದಳು, ಯಾಕೆ ಸಿಟ್ಟಾದಳು, ಗೊತ್ತಿಲ್ಲ. ಮೂರು ದಿನ ಹೀಗೆ ನಡೆದಮೇಲೆ ಆಯಿ ಮೊರ ಕೆಳಗಿಟ್ಟಳು. ‘ಏನೂ ತಿಳಿವಲ್ದು. ಮೀನನ್ನೂ ಓದು. ನಾವೇನ ತಿಂತೀವೇನ, ಕೇಳತೀವಿ ಅಷ್ಟ.’

ವಾರ ಕಳೆಯುವುದರಲ್ಲಿ ಪಡಸಾಲೆಯ ಹವಾಮಾನವೇ ಬದಲಾಯಿತು. ನಾನು ಪುಸ್ತಕ ತೆರೆಯುವ ಮೊದಲೇ ಆಯಿಯ ಪ್ರಶ್ನೆ: ‘ಇವತ್ತರ ಮೀನಿನ ಬಲಿ ತುಂಬತೇನು? ನಿನ್ನಿ ಬರೀ ಕೈಲೆ ಬಂದಿದ್ದ ಪಾಪ.’ ಒಬ್ಬಾಕೆ ಸಮುದ್ರವೆಂದರೆ ನಮ್ಮ ತ್ರಿಪುರಾಂತ ಕೆರೆಯಷ್ಟಿರುತ್ತದೋ ಎಂದು ಕೇಳಿದಳು. ನಾನೂ ಸಮುದ್ರ ನೋಡಿದವನಲ್ಲ, ಆದರೆ ಪುಸ್ತಕ ಕೈಯಲ್ಲಿದ್ದವನು ಗೊತ್ತಿಲ್ಲ ಅನ್ನಬಾರದು; ಅಂಥ ಕೆರೆ ನೂರು ಸೇರಿದರೆ ಒಂದು ಮೂಲೆ ಅಂದೆ. ಗಾಳಿ ಬೀಸಿ ಮೂರು ದಿನ ಮೀನು ಸಿಗದ ಅಧ್ಯಾಯದಂದು, ಆಯಿ ಏಳುವಾಗ ಕರೆಯುವ ದೇವರನ್ನು ಕರೆದು ಮೀನು ಸಿಗಲಿ ಎಂದು ಬೇಡಿಕೊಂಡಳು. ಆ ದೇವರಿಗೆ ಇಂಥ ಅರ್ಜಿ ಹಿಂದೆಂದೂ ಬಂದಿರಲಿಕ್ಕಿಲ್ಲ.

ವೈನಿ ಮೊದಲ ದಿನ ಅಡುಗೆಮನೆಯ ಒಳಗಿದ್ದರು. ನಾಲ್ಕನೆಯ ದಿನ ಹೊಸ್ತಿಲ ಮೇಲೆ. ಆಮೇಲೆ ಪಡಸಾಲೆಯ ಕಂಬಕ್ಕೊರಗಿ, ಮೊರ ತೊಡೆಯ ಮೇಲಿಟ್ಟುಕೊಂಡು. ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ, ಆದರೆ ಕೇಳಿದರೆ ತಿಳಿಯುತ್ತಿತ್ತು.

ನಾನು ಎಲ್ಲರ ದನಿ ಮಾಡಿ ಓದುತ್ತಿದ್ದೆ. ಅತ್ತೆಗೆ ನಮ್ಮ ಊರಿನ ತರಕಾರಿ ಮಾರುವವಳ ದನಿ, ಗಂಡನಿಗೆ ಅಣ್ಣನ ಮೌನ. ಆ ಹುಡುಗಿಗೆ ಮಾತ್ರ ಸರಿಯಾದ ದನಿ ಸಿಗಲಿಲ್ಲ. ಸಣ್ಣ ಕೀರಲು ದನಿ ಮಾಡಿದರೆ ಹೆಂಗಸರು ಬೈಯುತ್ತಿದ್ದರು. ಒಂದು ದಿನ ಬಂದ ಭಾಗ ಇದು: ಹುಡುಗಿಗೆ ಮೀನಿನ ಹೆಸರುಗಳು ಬರುವುದಿಲ್ಲ. ಒಂದಕ್ಕೆ ಇನ್ನೊಂದು ಹೆಸರು ಹೇಳುತ್ತಾಳೆ. ಗಂಡನ ಮನೆಯವರೆಲ್ಲ ನಗುತ್ತಾರೆ, ಮೈದುನ ಅವಳಂತೆಯೇ ಮಾತಾಡಿ ಇನ್ನಷ್ಟು ನಗಿಸುತ್ತಾನೆ. ನಾನು ಆ ನಗೆಯನ್ನು ಮನಸ್ಸಿಟ್ಟು ಮಾಡಿದೆ. ಚೆನ್ನಾಗಿ ಬಂತು. ತಲೆ ಎತ್ತಿದರೆ ಯಾರೂ ನಗುತ್ತಿರಲಿಲ್ಲ.

ಆಯಿ ಅಂದಳು, ‘ಆ ಮೈದುನನ ದನಿ ಮಾತ್ರ ಬರೋಬ್ಬರಿ ತಗದಿ ನೋಡು.’

ಮುಂದಿನ ಸಾಲು ಹೀಗಿತ್ತು: ಅವಳೂ ನಕ್ಕಳು, ಯಾಕೆಂದರೆ ನಗದಿದ್ದರೆ ಅಳಬೇಕಾಗುತ್ತಿತ್ತು. ಅದನ್ನು ಯಾವ ದನಿಯಲ್ಲೂ ಓದಲಿಲ್ಲ. ಹೇಗೆ ಬಂತೋ ಹಾಗೆ ಓದಿದೆ. ಕಂಬದ ಕಡೆ ನೋಡಲಿಲ್ಲ. ಯುಗಾದಿಯ ದಿನ ಬಾಗಿಲಲ್ಲಿ ನಿಂತು ನಕ್ಕವರ ಒಳಗೆ ಏನು ನಡೆದಿತ್ತು ಎಂಬುದನ್ನು, ಎಂದೂ ನೋಡದ ಸಮುದ್ರದ ದಂಡೆಯಿಂದ ಯಾರೋ ನನಗೆ ಬರೆದು ಕಳಿಸಿದಂತಿತ್ತು. ಎರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವರ ಗಂಟಲನ್ನಷ್ಟೇ ಕೇಳಿದ್ದೆ.

ಕಥೆ ಮುಂದುವರಿಯಿತು. ಹುಡುಗಿ ಬಸುರಾದಳು. ಗಂಡ ದೊಡ್ಡ ದೋಣಿಯಲ್ಲಿ ದೂರ ಹೋಗಿ ತಿಂಗಳಾದರೂ ಸುದ್ದಿ ಇಲ್ಲ. ಅಂದು ಪುಸ್ತಕ ಮುಚ್ಚಿದಾಗ ಆಯಿ ಏಳಲಿಲ್ಲ.

‘ಅಕಿಗಿ ಐದನೇದು ನಡದದ. ತೌರಿಲ್ಲ. ಅತ್ತಿ ಅನ್ನಾಕಿಗಿ ಮೀನ ಒಣಗಸೂದು ಬಿಟ್ಟ ಬ್ಯಾರೆ ಗೊತ್ತಿಲ್ಲ. ಕುಬಸ ಯಾರ ಮಾಡೋರು?’

ಬಸುರಿಗೆ ಹಸಿರು ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಸಿಹಿ ಉಣಿಸುವ ಕಾರ್ಯಕ್ಕೆ ನಮ್ಮ ಕಡೆ ಕುಬಸ ಅನ್ನುತ್ತಾರೆ. ನಾನು ನಕ್ಕೆ. ‘ಆಯಿ, ಅಕಿ ಪುಸ್ತಕದಾಗ ಅದಾಳ.’

‘ಪುರಾಣದಾಗಿನವರು ಎಲ್ಲಿ ಅದಾರೋ? ಹೋದ ತಿಂಗಳ ಇದ ತೊಲಿಗಿ ತೊಟ್ಟಲಾ ಕಟ್ಟೀವಿಲ್ಲ?’

‘ಅದು ಪುರಾಣ.’

‘ಇದು?’

ಸಮುದ್ರದ ಕಡೆಯವರಲ್ಲಿ ಕುಬಸ ಇರುತ್ತದೋ ಇಲ್ಲವೋ ಎಂದು ಒಬ್ಬಾಕೆ ಅನುಮಾನ ಎತ್ತಿದಳು. ‘ಹಸದ ಬಸರಿ ಎಲ್ಲಾ ಕಡಿ ಒಂದ’ ಎಂದು ಆಯಿ ತೀರ್ಪು ಕೊಟ್ಟಳು. ಇನ್ನೊಬ್ಬಾಕೆಗೆ ಬೇರೆ ಚಿಂತೆ: ‘ಅಕಿ ಬಯಕಿ ಮೀನಿಂದಿದ್ದರ?’ ಇದಕ್ಕೆ ಆಯಿಯೂ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ‘ಅದೊಂದ ನಮ್ಮಿಂದ ಆಗಾಂಗಿಲ್ಲ. ಕರ್ಜಿಕಾಯಿ ಮಾಡ್ರಿ. ಮೀನಿನಾಂಗ ಬಾಲಾ ಇಟ್ಟ ಮಾಡ್ರಿ, ಅಕಿ ತಿಳಕೋತಾಳ.’

ಈಗ ಉಳಿದದ್ದು ಒಂದೇ. ಬಸುರಿಯ ಜಾಗದಲ್ಲಿ ಯಾರಾದರೂ ಕೂರಬೇಕು. ಹೆರುವ ವಯಸ್ಸಿನ ಹೆಂಗಸೆಂದರೆ ಅಲ್ಲಿದ್ದವರು ವೈನಿ ಒಬ್ಬರೇ. ಹೊಟ್ಟೆಯಲ್ಲಿನದನ್ನು ಕಳಕೊಂಡವರನ್ನು ಕುಬಸಕ್ಕೆ ಕರೆಯುವುದೂ ಇಲ್ಲ, ಕೂರಿಸುವುದಂತೂ ದೂರ. ಎಲ್ಲರೂ ಹೆಸರುಕಾಳಿನಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದರು.

‘ಊರ ಬಿಟ್ಟ ಊರಿಗಿ ಬಂದಾಕಿ, ಭಾಷಾ ಬರಲಾರದ ಮನಿಗಿ ಬಂದಾಕಿ. ಅಕಿ ಜಾಗಾದಾಗ ಕೂಡಾಕ ಇಲ್ಲಿ ಒಬ್ಬಾಕಿನ ಅದಾಳ’ ಅಂದಳು ಆಯಿ.

ಅವ್ವ ಮೆಲ್ಲಗೆ, ‘ಆಯಿ, ಹೋದ ವರ್ಷ…’ ಅಂದಳು.

‘ಗೊತ್ತದ. ಅದಕ್ಕ ಅಂದೆ.’

ವೈನಿ ಮೊರ ಪಕ್ಕಕ್ಕಿಟ್ಟರು.

ಎರಡು ದಿನ ಬಿಟ್ಟು ಶುಕ್ರವಾರ ಮಧ್ಯಾಹ್ನ ಕಾರ್ಯ ಆಯಿತು. ಮಣೆಯ ಮೇಲೆ ವೈನಿ, ಮಗ್ಗುಲಲ್ಲಿ ಇನ್ನೊಂದು ಮಣೆಯ ಮೇಲೆ ಕಾದಂಬರಿ, ಅದಕ್ಕೂ ಅರಿಶಿನ ಕುಂಕುಮ. ಗ್ರಂಥಾಲಯದವರಿಗೆ ಆ ಕುಂಕುಮದ ಕಲೆಯ ಬಗ್ಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಅವ್ವ ಕರಿದ ಕರ್ಜಿಕಾಯಿಗಳಿಗೆ ಖರೇ ಬಾಲವಿತ್ತು. ಅವಳಿಗೆ ಮೀನಿನ ರೂಪ ಗೊತ್ತಿರಲಿಲ್ಲವಾದ್ದರಿಂದ ಕೆಲವು ಗಿಳಿಯಂತೆ ಆಗಿದ್ದವು. ಅಷ್ಟರಲ್ಲಿ ಓಣಿಗೆ ಬಳೆ ಮಾರಲು ಬರುವ ಚಾಚಿಯನ್ನು ಒಳಗೆ ಕರೆದರು. ಆಕೆ ಪೆಟ್ಟಿಗೆ ಇಳಿಸಿ, ವೈನಿಯ ಕೈ ಹಿಡಿದು ಒತ್ತಿ, ಹಸಿರು ಬಳೆ ಏರಿಸುತ್ತ ಸಹಜವಾಗಿ ಕೇಳಿದರು: ‘ಎಷ್ಟ ಮಹೀನಾ ಆತು ಬೇಟಿ?’

ಅವ್ವನ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲೇ ನಿಂತಿತು.

ವೈನಿ ಅಂದರು, ‘ನನಗ ನಾಹಿರಿ. ಪುಸ್ತಕದಾಗ ಒಬ್ಬ ಹುಡುಗಿ ಅದಾರರಿ. ಅವರಿಗಿ ತೌರ ಇಲ್ಲರಿ. ನವರಾ ಸಮುದ್ರಕ್ಕ ಹೋಗ್ಯಾರರಿ, ಇನ್ನಾ ಬಂದಿಲ್ಲರಿ. ಅದಕ್ಕ ಅವರ ಬಳಿ ನಾ ಇಟಗೊಳ್ಳಾಕತ್ತೀನರಿ.’

ಆರು ತಿಂಗಳ ಮೇಲೆ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಚಾಚಿ ಬಳೆಯ ಅಳತೆಯತ್ತಲೇ ಗಮನವಿಟ್ಟು ಕೇಳಿದರು, ಆಮೇಲೆ ನನ್ನ ಕಡೆ ತಿರುಗಿದರು. ‘ಗಂಡ ವಾಪಸ ಬರತಾನಿಲ್ಲ?’ ಎಲ್ಲರೂ ನನ್ನನ್ನೇ ನೋಡಿದರು. ವೈನಿಯೂ ನೋಡಿದರು. ಮುಂದೆ ಓದಿರಲಿಲ್ಲ, ನಾಳೆ ಹೇಳುತ್ತೇನೆ ಅಂದೆ. ಚಾಚಿ ಎರಡು ಬಳೆ ಜಾಸ್ತಿ ಇಟ್ಟು, ‘ಇವು ಕಿತಾಬಿನ ಹುಡುಗಿಗಿ’ ಎಂದು ಪೆಟ್ಟಿಗೆ ಎತ್ತಿದರು. ಆಯಿಗೆ ಎಲ್ಲಿಲ್ಲದ ಹುರುಪು. ಇನ್ನೆರಡು ದಿನದ ಓದಿನಲ್ಲಿ ಹುಡುಗಿ ಹಡೆಯುತ್ತಾಳೆ, ತೊಟ್ಟಿಲಿನ ಹಗ್ಗ ಒಗೆದು ಹಾಕಬೇಕು ಎಂದು ಹೇಳುತ್ತಲೇ ಹೋದಳು.

ಮರುದಿನ ಟೈಪಿಂಗ್ ಮುಗಿಸಿ ಹುಮನಾಬಾದಿನಿಂದ ಬರುವ ಬಸ್ಸಿನಲ್ಲಿ ಮುಂದಿನ ಅಧ್ಯಾಯಗಳನ್ನು ಓದಿದೆ. ಫ್ಯಾಕ್ಟರಿಗಳ ವಾಸನೆ ಕಿಟಕಿಯಿಂದ ಬರುತ್ತಿದ್ದಾಗ ಗಂಡ ಜೀವಂತ ಬಂದ. ಖುಷಿಯಾಗಿ ಹಾಳೆ ತಿರುಗಿಸಿದೆ. ರಾಜೇಶ್ವರ ದಾಟುವ ಮೊದಲೇ ಕೂಸು ಹುಟ್ಟಿತು, ಮೂರನೆಯ ದಿನ ಸತ್ತಿತು.

ಪುಸ್ತಕ ಮುಚ್ಚಿ ಹೊರಗೆ ನೋಡುತ್ತ ಕೂತೆ. ತೊಗರಿ ಹೊಲಗಳು ಹೋಗುತ್ತಿದ್ದವು. ಬರೆದವರ ಮೇಲೆ ಕೆಟ್ಟ ಸಿಟ್ಟು ಬಂತು. ಈಗಷ್ಟೇ ಬಾಯಿ ತೆರೆದವರ ಎದುರು ಇದನ್ನು ಓದುವುದು ಹೇಗೆ? ಬಸ್ಸು ಇಳಿಯುವಾಗ ನಿರ್ಧಾರ ಆಗಿತ್ತು. ಊರಿಗೆಲ್ಲ ಸುಳ್ಳು ದನಿ ಮಾಡುವವನಿಗೆ ಒಂದು ಸುಳ್ಳು ಅಧ್ಯಾಯ ಮಾಡುವುದು ಎಷ್ಟರ ಮಾತು?

ಪಡಸಾಲೆಯಲ್ಲಿ ಆಯಿ ಹಗ್ಗ ತಂದಿದ್ದಳು. ನಾನು ಪುಸ್ತಕ ಬಿಡಿಸಿಕೊಂಡು, ಗಂಡ ಬಂದ ಭಾಗವನ್ನು ಇದ್ದಂತೆ ಓದಿದೆ. ಆಮೇಲೆ ಸ್ವಂತದ್ದು ಶುರುವಾಯಿತು. ಕೂಸು ಹುಟ್ಟಿತು, ಗಂಡು, ದುಂಡಗೆ ಇತ್ತು, ಅತ್ತೆಯ ಸಿಟ್ಟು ಇಳಿಯಿತು, ಸಮುದ್ರದ ತುಂಬ ಮೀನು ಬಂತು. ಹೆಂಗಸರು ಹಿಗ್ಗಿದರು. ಹಗ್ಗ ತೊಲೆಗೆ ಏರತೊಡಗಿತು.

‘ಭಾವಜೀ’ ಅಂದರು ವೈನಿ ಕಂಬದ ಹತ್ತಿರದಿಂದ; ಅವರ ಮರಾಠಿಯಲ್ಲಿ ಮೈದುನನನ್ನು ಹಾಗೆ ಕರೆಯುತ್ತಾರೆ. ‘ಇದ ಪುಸ್ತಕದಾಗ ನಾಹಿರಿ.’

‘ಅದರಿ ವೈನಿ, ಇಲ್ಲೇ ಅದ.’

‘ಆಗಿಂದ ನೀವು ಹಾಳಿ ತಿರುವಿಲ್ಲರಿ.’

ನಾನು ಅವಸರದಲ್ಲಿ ಒಂದು ಹಾಳೆ ತಿರುಗಿಸಿದೆ. ಅದನ್ನು ನೋಡಿ ಅವರಿಗೆ ಒಂದು ಗಳಿಗೆ ನಗು ಬಂತು, ಹೋಯಿತು.

‘ಮತ್ತ ದನಿನೂ ಮಾಡಿಲ್ಲರಿ. ಇದ ನಿಮ್ಮ ದನಿರಿ, ಅಂಜಿದಾಗ ಬರತದಲ್ಲರಿ, ಅದು.’ ಆಮೇಲೆ ಕೇಳಿದರು, ‘ಕೂಸ ಹೋತೇನ್ರಿ?’

ತಲೆ ಆಡಿಸಿದೆ. ಆಯಿ ಹಗ್ಗ ಹಿಡಿದ ಕೈ ಇಳಿಸಿದಳು. ಅವ್ವ, ‘ಮುಚ್ಚೋ ಅದನ್ನ, ಸಾಕು’ ಅಂದಳು.

‘ಓದಲಿರಿ ಅತ್ತಿ’ ಅಂದರು ವೈನಿ. ‘ಅವರಿಗಿ ಆಗ್ಯದರಿ. ನಾವ ಕೇಳಲಿಲ್ಲಂದ್ರ ಆಗಿದ್ದ ಹೋಗತದೇನ್ರಿ?’

ಓದಿದೆ. ಯಾರ ದನಿಯೂ ಇಲ್ಲದೆ, ವೈನಿ ಹೆಸರಿಟ್ಟ ಆ ಅಂಜಿದ ದನಿಯಲ್ಲೇ ಓದಿದೆ. ಕೂಸನ್ನು ಮಣ್ಣು ಮಾಡಿ ಬಂದ ಸಂಜೆ ಅತ್ತೆ ಸೊಸೆಗೆ ಹೇಳುತ್ತಾಳೆ: ಮೂರು ದಿನದ್ದಕ್ಕೆ ಇಷ್ಟು ಅಳುತ್ತಾರೆಯೇ, ಮತ್ತೆ ಆಗುತ್ತದೆ. ಸೊಸೆ ಕೂಸಿಗೆಂದು ಹೊಲಿದಿದ್ದ ಬಟ್ಟೆಗಳನ್ನು ಒಂದೊಂದೇ ಮಡಚಿ, ಮಡಿಕೆ ಸರಿಯಾಗಲಿಲ್ಲವೆಂದು ಬಿಡಿಸಿ, ಮತ್ತೆ ಮಡಚುತ್ತಾಳೆ.

‘ಆ ಅತ್ತಿ ಅಂದಿದ್ದ ಇನ್ನೊಮ್ಮೆ ಓದು’ ಅಂದಳು ಅವ್ವ.

ಇನ್ನೊಮ್ಮೆ ಓದಿದೆ. ಅವ್ವ ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು. ಆಯಿ ಅತ್ತಳು, ಮೀನಿನ ಬಯಕೆಯ ಚಿಂತೆ ಮಾಡಿದಾಕೆ ಅತ್ತಳು. ಎಂದೂ ನೋಡದ ಊರಿನ, ಮುಟ್ಟದ ಅಡುಗೆಯ ಮನೆಯ, ಇರದ ಒಂದು ಕೂಸಿಗಾಗಿ ನಮ್ಮ ಪಡಸಾಲೆ ಅತ್ತಿತು. ಇರುವವರಿಗಾಗಿ ಅಳುವಾಗ ಯಾರು ಏನಂದಾರು ಎಂದು ನೋಡಬೇಕು, ತಪ್ಪು ಯಾರದೆಂದು ನೋಡಬೇಕು. ಕಥೆಯ ಕೂಸಿಗೆ ಆ ಕಾಟವಿಲ್ಲ. ಹಾಗಾಗಿಯೋ ಏನೋ, ಅಳು ತಾನಾಗಿ ದಾರಿ ಹುಡುಕಿಕೊಂಡು ಹೋಗಬೇಕಾದಲ್ಲಿಗೇ ಹೋಯಿತು. ವೈನಿ ಕಂಬ ಬಿಟ್ಟು ಅವ್ವನ ಮಗ್ಗುಲಿಗೆ ಬಂದು ಕೂತಿದ್ದರು. ಯಾವಾಗ ಬಂದರೋ ನಾನು ನೋಡಲಿಲ್ಲ.

ಸಾವಾದ ಮನೆಯಲ್ಲಿ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ಕಟ್ಟಿ ತಂದು ಕೊಡುತ್ತಾರೆ. ಮರುದಿನ ಮುಂಜಾನೆ ಆಯಿ ಅರಿವೆ ಮುಚ್ಚಿದ ತಾಟು ಹಿಡಿದು ಬಂದಳು. ಜೋಳದ ರೊಟ್ಟಿ, ಝುಣಕ. ನನ್ನ ಬಾಯಿ ಸುಮ್ಮನಿರಲಿಲ್ಲ. ‘ಆಯಿ, ಸಮುದ್ರದ ದಂಡಿತನಕಾ ಇದನ್ನ ನಾನ ಒಯ್ದ ಕೊಡಬೇಕೇನು?’

ಆಯಿ ನನ್ನನ್ನು ದಾಟಿ ಹೋಗಿ ತಾಟನ್ನು ವೈನಿಯ ಕೈಯಲ್ಲಿಟ್ಟಳು. ‘ಹೋದ ವರ್ಷ ತರಬೇಕಾಗಿತ್ತ ಮಗಳ. ತಿಳೀಲಿಲ್ಲ ನನಗ.’

ಆಕೆಯ ಹಿಂದೆ ಇನ್ನಿಬ್ಬರು ಬಂದರು. ಬಳೆಯ ಚಾಚಿಗೆ ಯಾರು ಸುದ್ದಿ ಮುಟ್ಟಿಸಿದರೋ, ಬಾಳೆಹಣ್ಣು ತಂದು ಹೊಸ್ತಿಲಲ್ಲಿಟ್ಟು ಹೋದರು. ಅವ್ವ ಅಂದು ಒಲೆ ಹಚ್ಚಲಿಲ್ಲ. ಅಪ್ಪ ಏನಾಯಿತೆಂದು ಕೇಳಿದ್ದಕ್ಕೆ, ‘ಮನ್ಯಾಗ ಕೂಸ ಹೋಗ್ಯದ, ಸುಮ್ನ ಉಣ್ರಿ’ ಅಂದಳು. ಅಪ್ಪ ಒಮ್ಮೆಯೂ ಗಂಟಲು ಸರಿಮಾಡಿಕೊಳ್ಳದೆ ಉಂಡ. ಅತ್ತೆ ಸೊಸೆ ಒಂದೇ ತಾಟಿನಲ್ಲಿ ಉಣ್ಣಲು ಕೂತಿದ್ದರು. ವೈನಿ ಮರಾಠಿಯಲ್ಲಿ ಹೇಳುತ್ತಿದ್ದರು, ಅವ್ವ ಕನ್ನಡದಲ್ಲಿ ಕೇಳುತ್ತಿದ್ದಳು, ಮಧ್ಯಾಹ್ನದ ತನಕ. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬರುತ್ತಿರಲಿಲ್ಲ. ಇಬ್ಬರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಕಿವಿ ಇದ್ದೂ ಎದ್ದು ಹೊರಗೆ ಹೋದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ದೀಪಾವಳಿ ಬಂತು. ಅಣ್ಣನಿಗೆ ಶಿಫ್ಟು, ವೈನಿಯನ್ನು ಬಸ್ಸಿಗೆ ಹತ್ತಿಸಲು ನಾನು ಹೋದೆ. ಚೀಲ ಕೊಡುವಾಗ ಹೇಗೋ ಬಾಯಿಗೆ ಬಂತು: ‘ವೈನಿ, ಯುಗಾದಿ ದಿನ ನಾ…’

‘ಬೆಕ್ಕಿಂದರಿ?’

‘ಹೂಂ.’

‘ಛಲೋ ಮಾಡಿದ್ದಿರಿ. ಆದ್ರ ಬೆಕ್ಕಿಗಿ ನಗಿ ಬಂದಿದ್ದಿಲ್ಲರಿ’ ಅಂದರು. ಆಮೇಲೆ ಬಸ್ಸಿನ ಕಿಟಕಿಯಿಂದ ಮುಖ ಹೊರಹಾಕಿ, ‘ಭಾವಜೀ, ನಾ ಬರೂತನಕ ಮುಂದ ಓದಬ್ಯಾಡ್ರಿ. ಆಯಿಗಿನೂ ಹೇಳ್ರಿ’ ಅಂದರು.

ಫ್ಯಾಕ್ಟರಿಯಿಂದ ಬಂದ ಅಣ್ಣನಿಗೆ ಆ ಮಾತನ್ನು ಇದ್ದಂತೆ ಮುಟ್ಟಿಸಿದೆ, ನಕಲು ಮಾಡದೆ. ಅವನು ‘ಬರೂತನಕ ಅಂದಳಾ?’ ಎಂದು ಒಂದು ಸಲ ಕೇಳಿದ, ಬೂಟು ಬಿಚ್ಚಿದ, ಮತ್ತೆ ಒಂದು ಸಲ ಕೇಳಿದ.

ಹತ್ತು ದಿನ ಪುಸ್ತಕ ಮುಚ್ಚಿಯೇ ಇತ್ತು. ಗ್ರಂಥಾಲಯಕ್ಕೆ ಮರಳಿಸುವ ದಿನ ದಾಟಿತು; ಮನೆಯಲ್ಲಿ ಬಾಣಂತಿ ಇದ್ದಾರೆ, ಈಗ ತರಲಾಗುವುದಿಲ್ಲ ಎಂದು ಹೇಳಿ ಬಂದೆ. ಆಯಿ ದಿನವೂ ಮಧ್ಯಾಹ್ನ ಬಂದು ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದಳು, ‘ಬಂದಳೇನೋ?’ ಇಲ್ಲ ಅಂದರೆ, ‘ಹಾಂಗಾದ್ರ ಆ ಹುಡುಗಿ ಇನ್ನಾ ಅರಿವಿ ಮಡಚಾಕತ್ತಾಳ, ಪಾಪ’ ಎಂದು ಹೊಳ್ಳಿ ಹೋಗುತ್ತಿದ್ದಳು.

ಹನ್ನೊಂದನೆಯ ದಿನ ವೈನಿ ಬಂದರು. ಕಾಲು ತೊಳೆದು, ಚೀಲದಿಂದ ತವರಿನ ಚಕ್ಕುಲಿ ಡಬ್ಬಿ ತೆಗೆದು ಅವ್ವನ ಕೈಗಿಟ್ಟು, ಆಯಿಯನ್ನು ಕರೆಯಲು ತಾವೇ ಪಕ್ಕದ ಮನೆಗೆ ಹೋದರು. ಗೋಡೆಯಾಚೆಯಿಂದ ಅವರ ಮಾತು ನಮ್ಮ ಪಡಸಾಲೆಗೆ ಕೇಳುತ್ತಿತ್ತು, ತಡೆಯಿಲ್ಲದೆ, ಸಾಲಿಗೊಂದು ರಿ ಸಮೇತ. ನಾನು ಪುಸ್ತಕ ತೆಗೆದು, ಬಟ್ಟೆ ಮಡಚುತ್ತಿದ್ದ ಹುಡುಗಿಯ ಪುಟ ಹುಡುಕಿ ಇಟ್ಟುಕೊಂಡು ಕಾದೆ.